ಮದ್ದು ಎಂದ ಡಾಕ್ಟರು

ನೆಗಡಿಯೆಂದು ಹೋದರೂ ಹೊಟ್ಟೆ ಅದುಮಿ ನೋಡುವ ಡಾಕ್ಟರು ಆಗ ದಾವಣಗೆರೆಯಲ್ಲಿ ಒಬ್ಬರೇ ಇದ್ದರು. ಗಂಡಸರನ್ನು ಬೆಂಚಿನ ಮೇಲೆ ಮಲಗಿಸಿ, ಹೊಕ್ಕುಳ ಸುತ್ತ ಅಂಗೈಯಿಂದ ಮೆಲ್ಲಗೆ ಒತ್ತಿ, ಎಲ್ಲಿ ಬಿಗಿ, ಎಲ್ಲಿ ಮೆತ್ತಗೆ ಎಂದು ನೋಡುತ್ತಿದ್ದರು. ಹೆಂಗಸರಾದರೆ ಅವರವರ ಕೈಯಿಂದಲೇ ಒತ್ತಿಸಿ, "ಎಲ್ಲಿ ಬಿಗಿ ಉಂಟು ಹೇಳಿ" ಎಂದು ಕೇಳುತ್ತಿದ್ದರು. ಮಂಡಿಪೇಟೆಯ ವ್ಯಾಪಾರಿಗಳು ಕಚಗುಳಿಗೆ ನಕ್ಕು, ಮೆಟ್ಟಿಲಿಳಿದು ಬಂದ ಮೇಲೆ "ಕೆಮ್ಮು ಹೊಟ್ಟ್ಯಾಗ ಇರ್ತೈತೇನಪಾ" ಎಂದು ಆಡಿಕೊಳ್ಳುತ್ತಿದ್ದರು. ಮುಂದಿನ ಸಲವೂ ಅಲ್ಲಿಗೇ ಹೋಗುತ್ತಿದ್ದರು.

ಅವರು ತೀರಿಕೊಂಡರಂತೆ, ಘಟ್ಟದ ಕೆಳಗೆ ತಮ್ಮ ಊರಿನಲ್ಲಿ. ಸುದ್ದಿ ತಂದದ್ದು ನನ್ನ ಮೈದುನ. "ಒಳ್ಳೇ ಮನುಷ್ಯ ಇದ್ದ ಪಾಪ" ಎಂದವನೇ ತಟ್ಟೆ ಮುಂದೆ ಕೂತು ಎರಡು ರೊಟ್ಟಿ ಹೆಚ್ಚಿಗೆ ತಿಂದ. ನಾನು ಬಡಿಸಿಕೊಳ್ಳಲೇ ಇಲ್ಲ. ಆ ಮನುಷ್ಯನ ಮೇಲೆ ಒಂದು ಕಾಲಕ್ಕೆ ನನಗಿದ್ದಷ್ಟು ಸಿಟ್ಟು ಯಾರ ಮೇಲೂ ಇರಲಿಲ್ಲ. ಅವರಿಗೆ ನಾನು ಋಣಿಯಾಗಿರುವಷ್ಟು ಬೇರೆ ಯಾರಿಗೂ ಋಣಿಯಲ್ಲ.

ಅವರ ದವಾಖಾನೆ ಮೆಣಸಿನಕಾಯಿ ಮಂಡಿಯ ಮಹಡಿಯ ಮೇಲಿತ್ತು. ಕೆಳಗೆ ಚೀಲ ಬಿಚ್ಚಿದರೆ ಮೇಲೆ ಕೂತವರೆಲ್ಲ ಸೀನುತ್ತಿದ್ದರು. "ಅರ್ಧ ರೋಗಿಗಳನ್ನು ನನ್ನ ಮೆಟ್ಟಿಲೇ ತಯಾರು ಮಾಡ್ತದೆ ಮಾರಾಯ್ರೆ" ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಕುಳ್ಳನೆಯ ಆಳು, ಬಿಳಿ ಅರ್ಧ ತೋಳಿನ ಅಂಗಿ, ಒಂದು ಕಾಲನ್ನು ಸ್ವಲ್ಪ ಎಳೆದು ನಡೆಯುವ ಅಭ್ಯಾಸ. ಅವರ 'ಎಂತ', 'ಉಂಟು' ಕೇಳಿ ಮಕ್ಕಳು ಅಣಕಿಸಿದರೆ, ಅವರು ತಿರುಗಿ 'ಐತೆ', 'ಬ್ಯಾಡ' ಎಂದು ಮಕ್ಕಳನ್ನೇ ಅಣಕಿಸುತ್ತಿದ್ದರು. ಭಾಷೆ ಅವರಿಗೆ ಆಟದ ಸಾಮಾನಾಗಿತ್ತು. ಅದೇ ಆಟ ನಮ್ಮ ಮನೆಯಲ್ಲಿ ಬೆಂಕಿ ಹಚ್ಚಿತು.

ಹೊಟ್ಟೆ ಅದುಮುವುದನ್ನು ಅವರು ಕಲಿತದ್ದು ಜಪಾನೀಯರಿಂದ. ಯುದ್ಧದಲ್ಲಿ ಸೈನ್ಯದ ಡಾಕ್ಟರಾಗಿ ಮಲಯಕ್ಕೆ ಹೋಗಿ, ಸೆರೆಸಿಕ್ಕಿ, ಯುದ್ಧ ಮುಗಿಯುವವರೆಗೆ ಜಪಾನೀಯರ ಶಿಬಿರದಲ್ಲಿದ್ದರು. ಅಲ್ಲಿಯ ಕಷ್ಟವನ್ನು ಯಾರಾದರೂ ಕೆದಕಿದರೆ "ಅದು ಬಿಡಿ" ಎನ್ನುತ್ತಿದ್ದರು. ಒಂದು ಕತೆಯನ್ನು ಮಾತ್ರ ಕೇಳದಿದ್ದರೂ ಹೇಳುತ್ತಿದ್ದರು. ಅರೆಹೊಟ್ಟೆಯಲ್ಲಿ ಕಲ್ಲು ಹೊತ್ತು ಹೊತ್ತು ಸೆರೆಯಾಳುಗಳ ಮೀನಖಂಡ ಸೆಳೆದು ಗಂಟಾಗುತ್ತಿತ್ತಂತೆ. ಶಿಬಿರದಲ್ಲಿದ್ದ ಒಬ್ಬ ಮುದುಕ ಜಪಾನಿ ವೈದ್ಯ ಇವರ ಹೊಟ್ಟೆಯನ್ನು ಅದುಮಿ ನೋಡಿ, ಎರಡು ಬೇರುಗಳನ್ನು ಕುದಿಸಿ ಕೊಟ್ಟನಂತೆ. ಒಂದು ಅವರ ದೇಶದ ಯಾವುದೋ ಹೂವಿನ ಗಿಡದ ಬೇರು, ಇನ್ನೊಂದು ನಮ್ಮ ಜ್ಯೇಷ್ಠಮಧುವೇ. "ಲೋಟ ಕೆಳಗೆ ಇಡುವಷ್ಟರಲ್ಲಿ ಕಾಲಿನ ಸೆಳೆತ ಬಿಟ್ಟಿತು. ನಾನು ಓದಿದ ಯಾವ ಪುಸ್ತಕದಲ್ಲಿಯೂ ಅದು ಇರಲಿಲ್ಲ" ಎನ್ನುತ್ತಿದ್ದರು.

ಆಮೇಲೆ ದನಿ ತಗ್ಗಿಸುತ್ತಿದ್ದರು. ಅದೇ ಶಿಬಿರದ ಅಡುಗೆಯವನೊಬ್ಬ, ಸಕ್ಕರೆಯ ಮುಖ ಕಾಣದವನು, ಕಷಾಯ ಸಿಹಿಯಾಗಿದೆಯೆಂದು ದಿನವೂ ಕದ್ದು ಕುಡಿದ. ಅವನಿಗೆ ಮೊದಲೇ ಕಾಲು ಬಾವು. ಮುಖ ಊದಿತು, ತೋಳು ಎತ್ತಲಾಗಲಿಲ್ಲ, ಒಂದು ಬೆಳಗ್ಗೆ ಏಳಲೇ ಇಲ್ಲ. ಯಾಕೆ ಹೀಗಾಯಿತು ಎಂದು ಇವರು ಕೇಳಿದಾಗ ಆ ಮುದುಕ ಇವರ ಹೊಟ್ಟೆಯ ಮೇಲೆ ಕೈಯಿಟ್ಟು, "ನಾನು ಕೊಟ್ಟದ್ದು ಈ ಹೊಟ್ಟೆಗೆ, ಅವನ ಹೊಟ್ಟೆಯನ್ನು ನಾನು ನೋಡಿರಲಿಲ್ಲ" ಎಂದನಂತೆ. "ಒಂದೇ ಕಷಾಯ. ನನ್ನ ಕಾಲು ಬಿಡಿಸಿದ್ದೂ ಅದು, ಅವನನ್ನು ಕೊಂಡುಹೋದದ್ದೂ ಅದು" ಎಂದು ಡಾಕ್ಟರು ಕತೆ ಮುಗಿಸುತ್ತಿದ್ದರು. ಕೇಳಿದವರು ತಲೆಯಾಡಿಸಿ, ಸೂಜಿ ಹಾಕಿಸಿಕೊಂಡು, ಮನೆಗೆ ಬಂದು ಕಷಾಯ ಕುಡಿಯುತ್ತಿದ್ದರು. ನಾವೂ ಹಾಗೆಯೇ.

ನನ್ನ ತವರು ಹರಿಹರ. ಮದುವೆಯಾಗಿ ಬಂದದ್ದು ಮಂಡಿಪೇಟೆಯ ಕಾಳಿನ ವ್ಯಾಪಾರಿಗಳ ಮನೆಗೆ. ನನ್ನ ಯಜಮಾನರಿಗೆ ಚಿಕ್ಕಂದಿನಲ್ಲಿ ಕೀಲುಜ್ವರ ಬಂದು ಎದೆ ಕೆಟ್ಟಿತ್ತು. ಮದುವೆಗೆ ಮುಂಚೆ ಅದನ್ನು ನಮ್ಮ ಅಪ್ಪನಿಗೆ ಯಾರೂ ಹೇಳಲಿಲ್ಲ, ಆ ಮಾತು ಇರಲಿ. ಮಹಡಿ ಹತ್ತಿದರೆ ಏದುಸಿರು, ಸಂಜೆಗೆ ಪಾದ ಬಾವು. ಈ ಡಾಕ್ಟರು ಊರಿಗೆ ಬಂದ ವರ್ಷವೇ ಎದೆಗೆ ಒಂದು ಬಿಳಿ ಗುಳಿಗೆ, ಮೈಯ ನೀರು ಇಳಿಸಲು ಇನ್ನೊಂದು ಗುಳಿಗೆ ಶುರುಮಾಡಿದರು. ಯಜಮಾನರು ಮತ್ತೆ ಅಂಗಡಿಗೆ ಹೋಗತೊಡಗಿದರು. ನನಗೆ ಡಾಕ್ಟರು ದೇವರ ಹಾಗೆ ಕಂಡರು.

ಆ ಚಳಿಗಾಲ ಯಜಮಾನರಿಗೆ ಕೆಮ್ಮು ಹಿಡಿಯಿತು. ಎಷ್ಟು ದಿನವಾದರೂ ಬಿಡಲಿಲ್ಲ. ಹರಿಹರದಲ್ಲಿ ನಮ್ಮ ತಂದೆಗೆ ಪರಿಚಯದ ಪಂಡಿತರೊಬ್ಬರಿದ್ದರು. "ಅಳಿಯನಿಗೆ ಕೆಮ್ಮು" ಎಂದು ಅಪ್ಪ ಹೇಳಿ ಪುಡಿ ಕಳಿಸಿದರು. ನಾನು ಬೆಳಗ್ಗೆ ಸಂಜೆ ಕುದಿಸಿ ಸೋಸಿ ಕೊಟ್ಟೆ. ಕೆಮ್ಮು ನಿಜವಾಗಿಯೂ ಹೋಯಿತು. ನಮ್ಮ ಅತ್ತೆಯೇ ಓಣಿಯ ಹೆಂಗಸರ ಮುಂದೆ "ನಮ್ ಸೊಸಿ ತಂದ ಕಷಾಯ ನೋಡ್ರಿ, ಡಾಕ್ಟ್ರು ಕೈಲಿ ಆಗದ್ದು ಆತು" ಎಂದು ಹೊಗಳಿದರು. ಹೊಗಳಿಕೆಯ ಆಸೆಗೆ ನಾನು ಕೆಮ್ಮು ಹೋದ ಮೇಲೂ ಕಷಾಯ ನಿಲ್ಲಿಸಲಿಲ್ಲ. ಅವರೂ ಸಿಹಿಯಾಗಿದೆಯೆಂದು ಕೇಳಿ ಕುಡಿಯುತ್ತಿದ್ದರು.

ಡಾಕ್ಟರು ಪ್ರತಿ ಸಲವೂ "ಬೇರೆ ಔಷಧಿ ಎಂತಾದ್ರೂ ತಗೊಳ್ತೀರಾ" ಎಂದು ಕೇಳುತ್ತಿದ್ದರು. ನಾವು "ಇಲ್ರಿ" ಎನ್ನುತ್ತಿದ್ದೆವು. ಅದರಲ್ಲಿ ಸುಳ್ಳಿರಲಿಲ್ಲ. ನಮ್ಮ ಮನೆಗಳಲ್ಲಿ ಔಷಧಿ ಎಂದರೆ ಡಾಕ್ಟರು ಸೀಸೆಯಲ್ಲೋ ಪೊಟ್ಟಣದಲ್ಲೋ ಕೊಡುವುದು. ಕಷಾಯ ಒಲೆಯ ಮೇಲಿನದು, ಸಾರಿನ ಹಾಗೆ ಅದೂ ಅಡುಗೆಯ ಲೆಕ್ಕ. ನಾವು ಸಾರು ಕುಡಿದದ್ದನ್ನು ಡಾಕ್ಟರಿಗೆ ಹೇಳುತ್ತೇವೆಯೇ?

ಒಂದು ದಿನ ಯಜಮಾನರು ಅಂಗಡಿಯಿಂದ ನಡೆದು ಬರಲಾರದೆ ಗಾಡಿಯಲ್ಲಿ ಬಂದರು. ಕಾಲಿನಲ್ಲಿ ಬಲವಿಲ್ಲ ಎಂದರು. ಮಾರನೆಯ ಬೆಳಗ್ಗೆ ವಾಂತಿ. ಸುಣ್ಣ ಬಳಿದ ಗೋಡೆಯನ್ನು ನೋಡಿ "ಇದಕ್ಕ್ಯಾರು ಅರಿಶಿಣ ಬಳದ್ರು" ಎಂದು ಕೇಳಿದರು. ನನ್ನ ಸೀರೆ, ಅತ್ತೆಯ ಮುಖ, ಎಲ್ಲವೂ ಅವರಿಗೆ ಹಳದಿ. ಕಾಮಾಲೆಯೇ ಇರಬೇಕೆಂದು ಅತ್ತೆ ಗೊಣಗಿದರು. ನಾನು ಓಡಿಹೋಗಿ ಡಾಕ್ಟರನ್ನು ಕರೆತಂದೆ.

ಅವರು ಕಣ್ಣಿನ ರೆಪ್ಪೆ ಎಳೆದು ನೋಡಿದರು. ಕಣ್ಣು ಬೆಳ್ಳಗಿತ್ತು. ನಾಡಿ ಹಿಡಿದರು. ಹಿಡಿದ ಕೈಯನ್ನು ಬಿಡಲೇ ಇಲ್ಲ, ಅವರ ಮುಖದ ಬಣ್ಣ ಮಾತ್ರ ಇಳಿಯುತ್ತಾ ಹೋಯಿತು. ಮಂಚದ ಕೆಳಗೆ ಬೆಳಗಿನ ಕಷಾಯದ ಲೋಟವಿತ್ತು. ತಳದಲ್ಲಿ ಉಳಿದಿದ್ದ ಗಸಿಯನ್ನು ಬೆರಳಿನಿಂದ ತೆಗೆದು ನಾಲಿಗೆಗೆ ಹಚ್ಚಿಕೊಂಡರು. ಅಷ್ಟು ಹೊತ್ತಿಗೆ ಪಡಸಾಲೆಯಲ್ಲಿ ಅತ್ತೆ, ಮೈದುನ, ಪಕ್ಕದ ಮನೆಯ ಇಬ್ಬರು ಹೆಂಗಸರು ಸೇರಿದ್ದರು. ಡಾಕ್ಟರು ಎದ್ದು ನಿಂತು, ನಾನು ಎಂದೂ ಕೇಳದ ಗಡಸು ದನಿಯಲ್ಲಿ ಕೇಳಿದರು:

"ಇವರಿಗೆ ಮದ್ದು ಕೊಡ್ತಾ ಇದ್ದದ್ದು ಯಾರು? ನಿಜ ಹೇಳಿ. ಈ ಮದ್ದಿನಿಂದಲೇ ಹೀಗಾದದ್ದು."

ನಾನು ದಡ್ಡಿಯ ಹಾಗೆ "ನಾನೇ ರೀ" ಎಂದೆ.

ಘಟ್ಟದ ಕೆಳಗೆ ಮದ್ದು ಎಂದರೆ ಬರಿಯ ಔಷಧಿಯಂತೆ. ಓದಿಕೊಂಡವರಿಗೆ ಇಲ್ಲಿಯೂ ಆ ಅರ್ಥ ಗೊತ್ತು. ಆದರೆ ನಮ್ಮ ಕಡೆಯ ಮನೆಗಳಲ್ಲಿ, ಸೊಸೆ ಗಂಡನಿಗೆ ಮದ್ದು ಕೊಟ್ಟಳು ಎಂದರೆ ಒಂದೇ ಅರ್ಥ. ಅನ್ನದಲ್ಲಿ ಕಲಸಿ ಹಾಕುವುದು, ಗಂಡನನ್ನು ಕೈಯಲ್ಲಿ ಹಿಡಿಯಲಿಕ್ಕೆ ಇಲ್ಲವೇ ಮುಗಿಸಲಿಕ್ಕೆ. ಅಂಥ ಹೆಣ್ಣಿನ ಕೈಯಿಂದ ಆಮೇಲೆ ಯಾರೂ ನೀರು ಕೂಡ ಇಸಿದುಕೊಳ್ಳುವುದಿಲ್ಲ. ಇದೇನೂ ತಿಳಿಯದ ಡಾಕ್ಟರು ಪುಡಿ ಎಲ್ಲಿಯದೆಂದು ನನ್ನನ್ನು ಕೇಳಿ ತಿಳಿದು, ಉಳಿದದ್ದನ್ನು ಕಿಸೆಗೆ ಹಾಕಿಕೊಂಡು, "ಎಲ್ಲ ಗುಳಿಗೆ ನಿಲ್ಲಿಸಿ, ಇವರನ್ನು ಅಲುಗಾಡಿಸಬೇಡಿ. ಪುಡಿಯಲ್ಲಿ ಎಂತ ಉಂಟು ಎಂದು ಹರಿಹರದಲ್ಲಿ ಕೇಳಿ ಬರ್ತೇನೆ" ಎಂದು ಹೊರಟೇಬಿಟ್ಟರು.

ಅವರು ಬಾಗಿಲು ದಾಟುತ್ತಲೇ ಅತ್ತೆ ನನ್ನ ಕಡೆ ತಿರುಗಿದರು. ಬೈಯಲಿಲ್ಲ. ಬೈದಿದ್ದರೆ ತಡೆಯಬಹುದಿತ್ತು.

"ಹೆಂಗೆ ಮನಸು ಬಂತೇ ನಿಂಗೆ? ಮಕ್ಕಳಾಗ್ಲಿಲ್ಲ ಅಂತ ಒಂದು ಮಾತು ಅಂದಿದ್ನೇನೇ ನಾನು?"

"ಅತ್ತಿ, ಅದು ಕೆಮ್ಮಿನ ಕಷಾಯ. ನೀವೇ ನೋಡೀರಿ."

"ಡಾಕ್ಟ್ರು ಬಾಯಿಂದ ಬಂದೈತೆ. ಅಡಿಗಿ ಮನಿಗೆ ಕಾಲಿಡಬ್ಯಾಡ."

ಆಸ್ಪತ್ರೆಗೆ ಹೋದರೆ ಪೊಲೀಸರಿಗೆ ತಿಳಿಯುತ್ತದೆ, ಮನೆಯ ಮರ್ಯಾದೆ ಹೋಗುತ್ತದೆ ಎಂದು ಅವರು ಬೇರೆ ದಾರಿ ಹಿಡಿದರು. ಮಾಯಕೊಂಡದ ಕಡೆ ಒಂದು ಹಳ್ಳಿಯಲ್ಲಿ ಮದ್ದು ತೆಗೆಯುವ ಹೆಂಗಸೊಬ್ಬಳಿದ್ದಳು. ಏನೋ ಕುಡಿಸಿ, ಕರುಳು ಬಾಯಿಗೆ ಬರುವಂತೆ ವಾಂತಿ ಮಾಡಿಸಿ, ವಾಂತಿಯಲ್ಲಿ ಗಂಟು ತೋರಿಸಿ "ಇದೇ ನೋಡ್ರಿ ಮದ್ದು" ಎನ್ನುತ್ತಿದ್ದಳಂತೆ. ಮೈದುನ ಬಾಡಿಗೆ ಕಾರು ತರಲು ಹೋದ. ನಾನು ಹಿತ್ತಲ ಕಟ್ಟೆಯ ಮೇಲೆ ಕೂತಿದ್ದೆ. ಒಳಗೆ ನನ್ನ ಗಂಡ ನರಳುವುದು ಕೇಳುತ್ತಿತ್ತು, ಒಳಗೆ ಹೋಗುವ ಹಾಗಿರಲಿಲ್ಲ. ಅವರು ಸತ್ತುಹೋಗುತ್ತಾರೆ, ಕೊಂದವಳೆಂಬ ಹೆಸರು ನನಗೆ ಉಳಿಯುತ್ತದೆ ಎಂದು ಖಚಿತವಾಗಿತ್ತು. ಡಾಕ್ಟರ ಮೇಲೆ ಬಂದ ಸಿಟ್ಟಿಗೆ ಕಟ್ಟೆಯ ಗಾರೆಯನ್ನು ಉಗುರಿನಿಂದ ಕೆರೆಯುತ್ತಿದ್ದೆ.

ಯಜಮಾನರನ್ನು ಇಬ್ಬರು ಎತ್ತಿಕೊಂಡು ಕಾರಿನ ಹತ್ತಿರ ತರುವಾಗ ಡಾಕ್ಟರು ಬೀದಿಯ ತುದಿಯಲ್ಲಿ ಕಾಣಿಸಿದರು. ಕಾಲೆಳೆಯುತ್ತಾ ಓಡಿ ಬಂದು ಕಾರಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು.

"ಎಲ್ಲಿಗೆ?"

"ಮದ್ದು ತಗ್ಸಾಕ ರೀ," ಎಂದ ಮೈದುನ. "ನೀವೇ ಅಂದ್ರಲ್ಲ, ನಮ್ಮತ್ತಿಗಿ ಮದ್ದು ಹಾಕ್ಯಾಳೆ ಅಂತ."

"ನಾನಾ?"

"ವಾಂತಿ ಮಾಡ್ಸಿ ತಗೀತಾರೆ. ಸರೀರಿ, ಹೊತ್ತಾಗ್ತೈತೆ."

ಡಾಕ್ಟರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಬಾಗಿಲ ಸಂದಿಯಲ್ಲಿ ನಿಂತಿದ್ದ ನನ್ನನ್ನೂ ನೋಡಿದರು. ತಮ್ಮ ಬಾಯಿಂದ ಏನು ಬಿದ್ದಿತ್ತೆಂದು ಅವರಿಗೆ ಆಗ ಹೊಳೆದಿರಬೇಕು. ಕೈಯೆತ್ತಿ ಹಣೆಗೆ ಬಡಿದುಕೊಂಡರು.

"ಇನ್ನೊಂದು ಸಲ ವಾಂತಿಯಾದರೆ ಇವರ ಎದೆ ನಿಲ್ತದೆ. ಇವರನ್ನು ಕಾರಿಗೆ ಹಾಕುವುದಾದರೆ ಮೊದಲು ನನ್ನ ಮೇಲೆ ಕಾರು ಹತ್ತಿಸಿ. ಒಳಗೆ ತನ್ನಿ."

ಒಳಗೆ ತಂದರು. ಡಾಕ್ಟರು ಅತ್ತೆಯ ಎದುರು ನೆಲದ ಮೇಲೆಯೇ ಕೂತರು. ಹರಿಹರದ ಪಂಡಿತರು ಮೊದಲು ಬಾಯಿ ಬಿಡಲಿಲ್ಲವಂತೆ. ಆಮೇಲೆ ಪುಡಿಯಲ್ಲಿ ಜ್ಯೇಷ್ಠಮಧುವೇ ಹೆಚ್ಚು ಎಂದು ಒಪ್ಪಿ, "ಕಾಲು ಬಾವಿರುವ ಮನುಷ್ಯ ಅಂತ ಒಂದು ಮಾತು ಹೇಳಿದ್ದರೆ ನಾನು ಕೊಡ್ತಲೇ ಇರಲಿಲ್ಲ" ಎಂದು ಅವರೂ ನೊಂದುಕೊಂಡರಂತೆ.

"ಅಮ್ಮ, ಕೇಳಿ," ಎಂದರು ಡಾಕ್ಟರು. "ನಮ್ಮ ಊರಿನಲ್ಲಿ ತಾಯಿ ಮಗುವಿಗೆ ಜ್ವರಕ್ಕೆ ಕೊಡುವುದಕ್ಕೂ ಮದ್ದು ಅಂತಲೇ ಹೇಳುದು. ನಾನು ಆ ಅರ್ಥದಲ್ಲಿ ಹೇಳಿದೆ. ನಿಮ್ಮ ಸೊಸೆ ಕೊಟ್ಟದ್ದು ಕೆಮ್ಮಿನ ಬೇರು, ಒಳ್ಳೆಯ ಬೇರು. ರಕ್ತದಲ್ಲಿ ಒಂದು ಬಗೆಯ ಉಪ್ಪು ಉಂಟು, ಕೈಕಾಲಿಗೆ, ಎದೆಗೆ ಅದು ಬೇಕು. ನಾನು ಕೊಟ್ಟ ನೀರಿನ ಗುಳಿಗೆ ಅದನ್ನು ಹೊರಗೆ ಹಾಕ್ತದೆ. ಈ ಬೇರೂ ಹಾಕ್ತದೆ. ಎರಡೂ ಸೇರಿ ಅದು ಬರಿದಾಯ್ತು. ಆ ಉಪ್ಪು ಇಲ್ಲದಿದ್ದರೆ ನನ್ನ ಎದೆಯ ಗುಳಿಗೆ ಮೈಗೆ ಹೆಚ್ಚಾಗ್ತದೆ. ಹಳದಿ ಕಾಣುವುದು, ವಾಂತಿ, ಎಲ್ಲ ಅದರದ್ದೇ. ವಿಷ ಅಂತ ಯಾವುದನ್ನಾದರೂ ಕರೀಬೇಕಾದ್ರೆ ನನ್ನ ಗುಳಿಗೆಯನ್ನು ಕರೀರಿ."

ಅತ್ತೆ ಅರ್ಧ ಕೇಳಿದರು, ಅರ್ಧ ಬಿಟ್ಟರು. "ಈಗ ಮಾತು ತಿರುಗಿಸ್ತೀರಿ ನೀವು" ಎಂದಷ್ಟೇ ಹೇಳಿದರು.

ಡಾಕ್ಟರು ಒಂದು ಉಪ್ಪಿನಂಥ ಪುಡಿ ತರಿಸಿ ಎಳನೀರಿನಲ್ಲಿ ಕದಡಿದರು. ಇದನ್ನು ಹೊತ್ತು ಹೊತ್ತಿಗೆ ಸ್ವಲ್ಪ ಸ್ವಲ್ಪ ಕುಡಿಸಬೇಕು ಎಂದರು. ಅತ್ತೆ ಕೈ ಚಾಚಿದರು. ಡಾಕ್ಟರು ಕೊಡಲಿಲ್ಲ.

"ನಿಮ್ಮ ಸೊಸೆ ಕೊಡಲಿ. ಬೇರೆ ಯಾರ ಕೈಯಿಂದಲೂ ಬೇಡ."

ನಾನು ಡಾಕ್ಟರನ್ನು ಕೈಬೀಸಿ ಹಿತ್ತಲಿಗೆ ಕರೆದೆ.

"ಬ್ಯಾಡ್ರಿ ಡಾಕ್ಟ್ರೇ. ಅತ್ತೀನೇ ಕೊಡ್ಲಿ. ನನ್ನ ಕೈಲಿ ಕುಡ್ದು ಹೆಚ್ಚು ಕಡಿಮಿ ಆದ್ರೆ ನನ್ನ ಗತಿ ಏನ್ರಿ?"

"ಅವರ ಕೈಯಲ್ಲಿ ಕುಡಿದು ಗುಣ ಆಯ್ತು ಅಂತ ಇಟ್ಟುಕೋ. ಆಗ ನಿನ್ನ ಗತಿ ಎಂತ? ತಾಯಿ ವಿಷ ಇಳಿಸಿದಳು ಅಂತ ಆಗ್ತದೆ. ನೀನು ಜೀವಮಾನ ಇಡೀ ವಿಷ ಹಾಕಿದವಳೇ."

"ಅವ್ರು ಉಳೀತಾರೇನ್ರಿ?"

"ಗೊತ್ತಿಲ್ಲ ಮಾರಾಯ್ತಿ. ಸುಳ್ಳು ಹೇಳುದಿಲ್ಲ. ಆದರೆ ನಾನು ಇಲ್ಲೇ ಕೂತಿರ್ತೇನೆ. ಹೆಚ್ಚು ಕಡಿಮೆ ಆದರೆ ಜನ ಮೊದಲು ನನ್ನನ್ನು ಹಿಡೀಲಿ."

ಲೋಟ ಹಿಡಿದು ಮಂಚದ ಹತ್ತಿರ ಹೋದೆ. ಯಜಮಾನರು ಕಣ್ಣು ತೆರೆದು ಲೋಟವನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಅತ್ತೆ ಅವರ ಕಿವಿಗೆ ಆಗಲೇ ಎಲ್ಲವನ್ನೂ ಹಾಕಿದ್ದರು.

"ನೀನು ಕುಡಿ ಮೊದ್ಲು," ಎಂದರು.

ದನಿ ಕ್ಷೀಣವಾಗಿತ್ತು, ಆದರೂ ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿತು. ಡಾಕ್ಟರು ನೆಲ ನೋಡುತ್ತಾ ಕೂತರು. ನಾನು ಬೇರೆ ಲೋಟಕ್ಕೆ ಬಗ್ಗಿಸಿಕೊಂಡು ಕುಡಿದೆ. ಆಮೇಲೆ ಅವರು ಬಾಯಿ ತೆರೆದರು. ಪ್ರತಿ ಸಲವೂ ನಾನು ಮೊದಲು ಕುಡಿದೆ, ಆಮೇಲೆ ಅವರು. ಡಾಕ್ಟರು ದವಾಖಾನೆ ತೆರೆಯದೆ ಮಂಚದ ಪಕ್ಕದಲ್ಲೇ ಕೂತು ನಾಡಿ ಹಿಡಿದುಕೊಂಡಿದ್ದರು. ನಮ್ಮ ಮನೆಯಲ್ಲಿ ಅವರಿಗೆ ಒಂದು ಲೋಟ ನೀರನ್ನೂ ಯಾರೂ ಕೊಡಲಿಲ್ಲ, ಅವರೂ ಕೇಳಲಿಲ್ಲ.

ಗೋಡೆ ಬೆಳ್ಳಗಾಗಿದೆ ಎಂದು ಯಜಮಾನರು ಹೇಳಿದ ಬೆಳಗ್ಗೆ ಡಾಕ್ಟರು ಎದ್ದು ಹೊರಗೆ ಹೋಗಿ ಜಗಲಿಯ ಮೇಲೆ ಒಬ್ಬರೇ ನಿಂತಿದ್ದರು. ಅವರ ಭುಜ ಅಲುಗುತ್ತಿತ್ತು. ನಾನು ನೋಡದವಳ ಹಾಗೆ ಒಳಗೆ ಬಂದೆ. ಅತ್ತೆ ಅಂದಿನಿಂದಲೇ ಓಣಿಯಲ್ಲಿ ಬೇರೆ ರಾಗ ಹಾಡಿದರು: "ಆ ಡಾಕ್ಟ್ರಿಗೆ ಕನ್ನಡ ಬರಂಗಿಲ್ರಿ. ನಮ್ ಸೊಸಿ ಬಂಗಾರದಂಥಾಕಿ." ಹೆಂಗಸರು ತಲೆಯಾಡಿಸಿದರು. ನಾನು ಮತ್ತೆ ಅಡುಗೆಮನೆ ಹೊಕ್ಕೆ.

ಡಾಕ್ಟರು ಆಮೇಲೆ ರೋಗಿಗಳಿಗೆ ಕೇಳುವ ಪ್ರಶ್ನೆಯನ್ನೇ ಬದಲಾಯಿಸಿದರು. ಔಷಧಿಯ ಹೆಸರೆತ್ತದೆ, "ಬೆಳಗ್ಗೆ ಎದ್ದಲ್ಲಿಂದ ಮಲಗುವವರೆಗೆ ಬಾಯಿಗೆ ಹೋದದ್ದೆಲ್ಲ ಹೇಳಿ" ಎನ್ನುತ್ತಿದ್ದರು. ಜನ ಮಂಡಕ್ಕಿ ಮೆಣಸಿನಕಾಯಿಯಿಂದ ಹಿಡಿದು ಹೇಳುತ್ತಾ ಹೋಗುವರು, ನಡುವೆಲ್ಲೋ ಒಂದು ಕಷಾಯ, ಒಂದು ಲೇಹ್ಯ ಹೊರಬೀಳುವುದು. ಬೇರು ನಾರನ್ನು ಅವರೇನೂ ದೂರ ಮಾಡಲಿಲ್ಲ. ಕಾಲು ಸೆಳೆತವೆಂದು ಬಂದ ಹಮಾಲರಿಗೆ ಹೊಟ್ಟೆ ಅದುಮಿ ನೋಡಿ, ಬಾವಿಲ್ಲದಿದ್ದರೆ ತಾವೇ ಜ್ಯೇಷ್ಠಮಧು ಕುದಿಸಿ ಕುಡಿಯಲು ಹೇಳುತ್ತಿದ್ದರು, ನಿಲ್ಲಿಸುವ ದಿನವನ್ನೂ ಹೇಳುತ್ತಿದ್ದರು. ಹರಿಹರದ ಪಂಡಿತರ ಹತ್ತಿರ ಆಗಾಗ ಹೋಗಿ ಕೂರುತ್ತಿದ್ದರು. "ಅವರಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ, ನನಗೆ ಗೊತ್ತಿದ್ದದ್ದು ಅವರಿಗೆ ಗೊತ್ತಿರಲಿಲ್ಲ. ನಡುವೆ ಒಬ್ಬ ಹುಡುಗಿ ಸಿಕ್ಕಿಬಿದ್ದಳು" ಎಂದು ನನ್ನ ಮುಂದೆಯೇ ಒಮ್ಮೆ ಹೇಳಿದರು. ನಾನು ಅವರ ಮೇಲಿನ ಸಿಟ್ಟನ್ನು ಬಿಟ್ಟದ್ದು ಆ ಮಾತು ಕೇಳಿದ ಮೇಲೆ.

ಕೆಲವು ವರ್ಷಗಳ ಮೇಲೆ ಅವರು ದವಾಖಾನೆ ಮುಚ್ಚಿ ಊರಿಗೆ ಹೊರಟರು. ಹೋಗುವ ಮುಂಚೆ ನಮ್ಮ ಮನೆಗೆ ಬಂದು ಯಜಮಾನರ ಪಕ್ಕದಲ್ಲಿ ಕೂತರು. ನಾನು ಕಾಫಿ ತಂದೆ. ಅಡುಗೆಮನೆಯ ಬಾಗಿಲು ಪಡಸಾಲೆಗೆ ಕಾಣುತ್ತದೆ. ಯಜಮಾನರ ಲೋಟದಿಂದ ನಾನು ಬೇರೆ ಬಟ್ಟಲಿಗೆ ಒಂದು ಗುಟುಕು ಬಗ್ಗಿಸಿ ಕುಡಿದು ಬಂದದ್ದನ್ನು ಡಾಕ್ಟರು ನೋಡಿಬಿಟ್ಟರು.

"ಇನ್ನೂ ಬಿಡ್ಲಿಲ್ವಾ ನೀನು?"

ಎಷ್ಟೋ ವರ್ಷದಿಂದ ಅದೊಂದು ರೂಢಿ. ನೀರು, ಹಾಲು, ಅಂಬಲಿ, ಯಾವುದನ್ನೂ ನಾನು ಮೊದಲು ಕುಡಿಯದೆ ಅವರಿಗೆ ಕೊಟ್ಟವಳಲ್ಲ. ಯಾರೂ ಹೇಳಿರಲಿಲ್ಲ. ಅವರು ಮತ್ತೊಮ್ಮೆ ಹಾಗೆ ಕೇಳುವುದಕ್ಕೆ ಅವಕಾಶವೇ ಇರಬಾರದೆಂದು ನಾನೇ ಹಾಗೆ ಮಾಡಿಕೊಂಡಿದ್ದೆ.

"ಏನದು?" ಎಂದರು ಯಜಮಾನರು. "ಸಕ್ಕರಿ ನೋಡ್ತಾಳೆ ಅಂದ್ಕಂಡಿದ್ದೆ ನಾನು."

ಡಾಕ್ಟರು ನನ್ನ ಮುಖ ನೋಡಿ, ಆಮೇಲೆ ಅವರಿಗೆ ಹೇಳಿದರು. ಆ ದಿನ ಗೋಡೆಯ ಕಡೆ ಮುಖ ತಿರುಗಿಸಿದ್ದು, ಹೇಳಿದ ಮಾತು, ಎಲ್ಲ. ಯಜಮಾನರು ಕೈಯಲ್ಲಿದ್ದ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು.

"ನಾನು ಹಂಗಂದೆನಾ?"

ಅವರಿಗೆ ನೆನಪೇ ಇರಲಿಲ್ಲ. ಹೊಟ್ಟೆಯಲ್ಲಿ ಇಷ್ಟು ವರ್ಷ ಇಟ್ಟುಕೊಂಡು ಸಾಕಿದ ಮಾತನ್ನು ಆಡಿದವರಿಗೇ ನೆನಪಿಲ್ಲ ಎಂದು ತಿಳಿದು ನನಗೆ ಅಳು ಬಂತು, ನಗುವೂ ಬಂತು. ಡಾಕ್ಟರು ಕಾಫಿ ಮುಗಿಸಿ ಎದ್ದರು. ಯಜಮಾನರು ಅವರನ್ನು ಬಸ್ಸಿನವರೆಗೆ ಬಿಟ್ಟು ಬಂದು, ಊಟ ಮಾಡಿ ಮಲಗಿದರು.

ಮಾರನೆಯ ಬೆಳಗ್ಗೆ ನಾನು ಕಾಫಿ ಸೋಸುತ್ತಿದ್ದಾಗ ಅವರು ಅಡುಗೆಮನೆಗೆ ಬಂದು, ಎಂದೂ ಕೂರದವರು, ಒಲೆಯ ಮುಂದೆ ಚಕ್ಕಳ ಮಕ್ಕಳ ಹಾಕಿ ಕೂತರು. ನಾನು ಅಭ್ಯಾಸದಂತೆ ಬಟ್ಟಲಿಗೆ ಕೈ ಹಾಕಿದೆ. ಅವರು ಬಟ್ಟಲನ್ನು ತೆಗೆದು ತಮ್ಮ ಮಗ್ಗುಲಿಗೆ ಇಟ್ಟುಕೊಂಡರು.

"ನಂಗೆ ಬಗ್ಸು," ಎಂದರು. "ನೀನು ಆಮ್ಯಾಕೆ ಕುಡಿ."